‘ಗ್ಯಾಸ್ ಇಜ್ಜಿ’ ಎಂದ ಮೇಲೆ: ಕರಾವಳಿಯ ಮನೆಯಲ್ಲಿ ಎಸಿ ರಿಪೇರಿಗೆ ಎಷ್ಟು ಕೊಡಬಹುದು, ಎಲ್ಲಿ ನಿಲ್ಲಿಸಬೇಕು

ಎಂಟು ವರ್ಷಗಳ ಹಿಂದೆ ನಾನೂ ಅಕ್ಕನೂ ಒಂದೇ ಅಂಗಡಿಯಿಂದ ಒಂದೇ ಮಾದರಿಯ ಎರಡು ಎಸಿ ಕೊಂಡೆವು. ಜೋಡಿಯಾಗಿ ಕೊಂಡರೆ ಎರಡು ಸಾವಿರ ಬಿಡುತ್ತೇನೆ ಎಂದಿದ್ದರು ಅಂಗಡಿಯವರು. ನನ್ನದು ಮಂಗಳೂರಿನ ಶಕ್ತಿನಗರದ ಗುಡ್ಡದ ಮೇಲಿನ ಮನೆ. ಅಕ್ಕನದು ಸುರತ್ಕಲ್ಲಿಗೆ ಹತ್ತಿರದ ಹೊಸಬೆಟ್ಟು, ಅಂಗಳದಲ್ಲಿ ನಿಂತರೆ ತೆರೆಯ ಸದ್ದು ಕೇಳುತ್ತದೆ. ನನ್ನ ಎಸಿ ಇವತ್ತಿಗೂ ಓಡುತ್ತಿದೆ. ಒಮ್ಮೆ ಸಿಡಿಲಿಗೆ, ಒಮ್ಮೆ ಹಲ್ಲಿಯ ದೆಸೆಯಿಂದ ಅದರ ಬೋರ್ಡು ಸುಟ್ಟಿದ್ದು ಬಿಟ್ಟರೆ ದೊಡ್ಡ ಖರ್ಚಿಲ್ಲ. ಅಕ್ಕನದು ನಾಲ್ಕನೆಯ ವರ್ಷಕ್ಕೆ ಗ್ಯಾಸ್ ಬಿಡತೊಡಗಿತು, ಮೂರು ಸಲ ತುಂಬಿಸಿದ ಮೇಲೆ ಆರನೆಯ ವರ್ಷಕ್ಕೆ ಗುಜರಿಗೆ ಹೋಯಿತು.

ಆಗ ನನಗೆ ಹೊಳೆದದ್ದು, ‘ಎಸಿ ರಿಪೇರಿಗೆ ಎಷ್ಟಾಗುತ್ತದೆ’ ಎನ್ನುವುದು ನಮ್ಮ ಊರಿನಲ್ಲಿ ಅರ್ಧ ಪ್ರಶ್ನೆ. ಎಸಿಯನ್ನು ಕೆಡಿಸಿದ್ದು ಯಾವುದು ಎನ್ನುವುದು ಉಳಿದರ್ಧ. ಕೊಳೆಯೋ, ಕರೆಂಟೋ, ಉಪ್ಪೋ? ಕೊಳೆಗೆ ಖರ್ಚು ಕಡಿಮೆ. ಕರೆಂಟಿನಿಂದ ಕೆಟ್ಟದ್ದನ್ನು ರಿಪೇರಿ ಮಾಡಿಸಿದರೆ ಹಣ ವ್ಯರ್ಥವಾಗುವುದಿಲ್ಲ. ಉಪ್ಪು ಹೊಕ್ಕಿದ್ದರೆ ಮಾತ್ರ ಪರ್ಸು ತೆಗೆಯುವ ಮೊದಲು ಕುಳಿತು ಯೋಚಿಸಬೇಕು. ಇಲ್ಲಿ ಕೊಟ್ಟಿರುವ ದರಗಳೆಲ್ಲ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿಗೆ ಸಂಬಂಧಿಸಿದ ಅಂದಾಜುಗಳು. ಕಂಪನಿ, ಮಾದರಿ, ಎಷ್ಟನೆಯ ಮಹಡಿ ಎಂಬುದರ ಮೇಲೆ ಅತ್ತಿತ್ತ ಆಗುತ್ತವೆ.

ಕೊಳೆ: ಇಲ್ಲಿ ಸೋಲುವುದು ಗ್ಯಾಸಿನ ಹೆಸರಿನಲ್ಲಿ

ಶಿವರಾತ್ರಿ ಕಳೆದು ಸೆಕೆ ಏರಿದಾಗ, ಒಂಬತ್ತು ತಿಂಗಳು ಮುಟ್ಟದ ಎಸಿಯ ಸ್ವಿಚ್ಚು ಹಾಕುತ್ತೇವೆ. ತಂಪು ಸಾಲದು, ಒಳಗಿನಿಂದ ನೀರು ತೊಟ್ಟಿಕ್ಕುತ್ತದೆ, ಕಾಯಿಲಿನ (ಗ್ಯಾಸ್ ಹರಿಯುವ ಕೊಳವೆಯ ಸುರುಳಿ) ಮೇಲೆ ಮಂಜು ಕಟ್ಟಿದೆ. ರಿಪೇರಿಗೆ ಬಂದವರು ಮಂಜು ನೋಡಿದ ಕೂಡಲೇ ತುಳುವಿನಲ್ಲಿ ‘ಗ್ಯಾಸ್ ಇಜ್ಜಿ’, ಅಂದರೆ ಗ್ಯಾಸ್ ಇಲ್ಲ, ಎನ್ನುತ್ತಾರೆ. ಗ್ಯಾಸ್ ಕಡಿಮೆಯಾದರೆ ಮಂಜು ಕಟ್ಟುವುದು ನಿಜ. ಆದರೆ ಫಿಲ್ಟರಿನಲ್ಲಿ ಧೂಳು ತುಂಬಿ ಗಾಳಿ ಹರಿಯದಿದ್ದರೂ ಅದೇ ಮಂಜು ಕಟ್ಟುತ್ತದೆ. ಆದ್ದರಿಂದ ಫಿಲ್ಟರ್ ತೊಳೆದು, ಒಳಗಿನ ಕಾಯಿಲ್ ಶುಚಿಮಾಡಿಸಿ, ಒಂದು ಗಂಟೆ ಓಡಿಸಿ ನೋಡದೆ ಗ್ಯಾಸಿಗೆ ಒಪ್ಪಬೇಡಿ. ತೊಳೆಯುವುದಕ್ಕೆ 600ರಿಂದ 900 ರೂಪಾಯಿ, ಗ್ಯಾಸಿಗೆ 2,500ರಿಂದ 3,500. ಆ ಒಂದು ಗಂಟೆಯ ಬೆಲೆ ಎರಡು ಸಾವಿರ.

ನೀರು ಸೋರುವುದಕ್ಕೆ ಹೆಚ್ಚಿನ ಸಲ ಕಾರಣ ಡ್ರೈನ್ ಪೈಪಿನಲ್ಲಿ ಬೆಳೆದ ಲೋಳೆ. ನಮ್ಮ ಗಾಳಿಯಲ್ಲಿ ತೇವ ಎಷ್ಟೆಂದರೆ ರಾತ್ರಿ ಓಡಿದ ಎಸಿ ಬೆಳಿಗ್ಗೆಗೆ ಬಕೆಟ್ಟಿನಲ್ಲಿ ಕಾಣುವಷ್ಟು ನೀರು ಇಳಿಸಿರುತ್ತದೆ. ಪಾಚಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಸರ್ವಿಸಿಗೆ ಬಂದವರು ಆ ಪೈಪನ್ನು ಊದಿ ಶುಚಿಮಾಡದೆ ಹೊರಟರೆ ಅರ್ಧ ಕೆಲಸ ಮಾತ್ರ ಆಗಿದೆ ಎಂದು ತಿಳಿಯಿರಿ.

ಫೋಮ್ ವಾಷ್, ಜೆಟ್ ವಾಷ್, ಪವರ್ ವಾಷ್ ಎಂದು ಮೂರು ಹೆಸರು, ಮೂರು ದರ ಹೇಳುತ್ತಾರೆ. ಒತ್ತಡದ ಪಂಪಿನಿಂದ ಕಾಯಿಲ್ ತೊಳೆದು, ಬ್ಲೋವರ್ ಉರುಳೆಯ ಕಪ್ಪು ಬೂಷ್ಟು ತೆಗೆದರೆ ನನಗೆ ಸಾಕು. ನೊರೆಗೆ ಹೆಚ್ಚು ಹಣ ಕೊಡುವುದರಲ್ಲಿ ನನಗೆ ನಂಬಿಕೆಯಿಲ್ಲ. ‘ಕೆಮಿಕಲ್ ವಾಷ್’ ಎಂದರೆ ಯಾವ ದ್ರಾವಣ ಎಂದು ಕೇಳಿ. ಆಮ್ಲದ ಬಾಟಲಿ ತೆಗೆದರೆ ಬೇಡವೇ ಬೇಡ. ಉಪ್ಪು ನಾಲ್ಕು ವರ್ಷದಲ್ಲಿ ತಿನ್ನುವ ಅಲ್ಯೂಮಿನಿಯಂ ರೆಕ್ಕೆಗಳನ್ನು ಅದು ನಾಲ್ಕು ತೊಳೆತದಲ್ಲಿ ತಿನ್ನುತ್ತದೆ.

ಕರೆಂಟು: ಬೋರ್ಡು ಬದಲಿಸುವುದೋ, ರಿಪೇರಿಯೋ

ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗು, ಮತ್ತೆ ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿಯುವಾಗಿನ ಸಿಡಿಲು, ಎರಡೂ ಇನ್ವರ್ಟರ್ ಎಸಿಯ (ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವ ಎಸಿ) ಬೋರ್ಡಿಗೆ ಯಮ. ಪೆಟ್ಟಿಗೆಯ ಮೇಲೆ ‘ಸ್ಟೆಬಿಲೈಜರ್ ಬೇಡ’ ಎಂದು ಬರೆದಿರುವುದು ವೋಲ್ಟೇಜಿನ ಏರಿಳಿತಕ್ಕೆ ಸಂಬಂಧಿಸಿದ ಮಾತು, ಸಿಡಿಲಿಗಲ್ಲ. ಸ್ಟೆಬಿಲೈಜರ್ ಇದ್ದರೂ ಸಿಡಿಲು ಅದನ್ನು ದಾಟಿ ಹೋಗುತ್ತದೆ. ಗುಡುಗಿದಾಗ ಎಂಸಿಬಿ, ಅಂದರೆ ಎಸಿಯ ಕರೆಂಟು ಕಡಿಯುವ ಸ್ವಿಚ್ಚು, ಇಳಿಸುವುದಕ್ಕೆ ಖರ್ಚೇ ಇಲ್ಲ. ಅರ್ಥಿಂಗ್ ಇನ್ನೊಂದು ಮರೆತ ವಿಷಯ: ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ, ಅರ್ಥ್ ಗುಂಡಿಗೆ ವಾರಕ್ಕೊಂದು ಕೊಡ ನೀರು ಹೊಯ್ಯದಿದ್ದರೆ ಅದು ಹೆಸರಿಗೆ ಮಾತ್ರ ಇರುತ್ತದೆ.

ಇನ್ನು ಹಲ್ಲಿ. ಬೆಚ್ಚಗಿನ ಬೋರ್ಡಿನ ಮೇಲೆ ಮಲಗಿ, ಎರಡು ತಂತಿಗಳ ನಡುವೆ ತಾನೇ ತಂತಿಯಾಗಿ ಸಾಯುತ್ತದೆ. ನನ್ನ ಎಸಿ ಬಿಚ್ಚಿದಾಗ ಸಿಕ್ಕಿದ ಒಣಗಿದ ಹಲ್ಲಿಯನ್ನು ಮೆಕ್ಯಾನಿಕ್ ನನ್ನ ಅಂಗೈಯಲ್ಲಿ ಇಟ್ಟು, ‘ಇದರ ಬೆಲೆ ಎಂಟು ಸಾವಿರ ಮಾರಾಯರೇ’ ಎಂದಿದ್ದರು. ಹೊಸ ಬೋರ್ಡಿನ ದರ ಅದು. ಇನ್ವರ್ಟರ್ ಎಸಿಯ ಔಟ್‌ಡೋರ್ ಬೋರ್ಡು ಕಂಪನಿಯಿಂದ ತರಿಸಿದರೆ 6,000ದಿಂದ 12,000ದವರೆಗೆ ಆಗುತ್ತದೆ. ಬೋರ್ಡು ರಿಪೇರಿ ಮಾಡುವ ಸಣ್ಣ ಅಂಗಡಿಗಳಲ್ಲಿ ಅದೇ ಬೋರ್ಡಿಗೆ 1,500ರಿಂದ 3,500 ತೆಗೆದುಕೊಂಡು, ಒಂದರಿಂದ ಮೂರು ತಿಂಗಳ ಗ್ಯಾರಂಟಿ ಕೊಡುತ್ತಾರೆ. ನಾನು ಎರಡೂ ಸಲ ರಿಪೇರಿಯನ್ನೇ ಆರಿಸಿದೆ, ಎರಡೂ ಸಲ ಉಳಿಯಿತು. ಆದರೂ ಎಲ್ಲರಿಗೂ ಅದನ್ನೇ ಹೇಳಲಾರೆ. ಬೋರ್ಡಿಗೆ ವಾರಂಟಿ ಉಳಿದಿದ್ದರೆ (ಹಲವು ಕಂಪನಿಗಳು ಐದು ವರ್ಷ ಕೊಡುತ್ತವೆ) ಹೊರಗಿನವರಿಂದ ಸ್ಕ್ರೂ ಕೂಡ ಬಿಚ್ಚಿಸಬೇಡಿ. ಬೋರ್ಡು ಕಪ್ಪಾಗಿ ಸುಟ್ಟು ಪದರ ಬಿಟ್ಟಿದ್ದರೆ, ಉಪ್ಪಿಗೆ ಹಸಿರುಗಟ್ಟಿದ್ದರೆ ರಿಪೇರಿ ಬಾಳುವುದಿಲ್ಲ. ‘ಯಾವುದಕ್ಕೂ ಹೊಂದುವ ಬೋರ್ಡು’ ಎಂದು ಮಾರುವುದನ್ನು ಹಳೆಯ ಸಾದಾ ಎಸಿಗೆ ಹಾಕಬಹುದು, ಇನ್ವರ್ಟರಿಗೆ ಬೇಡ.

ಸಾದಾ ಎಸಿಯ ಕೆಪಾಸಿಟರಿನ (ಮೋಟರ್ ಹೊರಡಲು ಕರೆಂಟಿನ ತಳ್ಳು ಕೊಡುವ ಸಣ್ಣ ಡಬ್ಬಿ) ಬಗ್ಗೆ ಒಂದು ಎಚ್ಚರ. ಔಟ್‌ಡೋರ್ ಗುಂಯ್ ಎನ್ನುತ್ತದೆ, ಹೊರಡುವುದಿಲ್ಲ. ‘ಕಂಪ್ರೆಸರ್ ಹೋಯಿತು, ಹದಿನೈದು ಸಾವಿರ’ ಎನ್ನುತ್ತಾರೆ. ಕೂಲಿ ಸೇರಿ 400ರಿಂದ 900 ರೂಪಾಯಿಯ ಕೆಪಾಸಿಟರ್ ಬದಲಿಸಿ ನೋಡದೆ ಈ ಮಾತು ನಂಬಬೇಡಿ. ಇನ್ವರ್ಟರಿನಲ್ಲಿ ಇದೇ ಆಟ ಬೋರ್ಡಿನೊಂದಿಗೆ ನಡೆಯುತ್ತದೆ: ಕೆಟ್ಟದ್ದು ಬೋರ್ಡು, ಹೆಸರು ಬರುವುದು ಕಂಪ್ರೆಸರಿಗೆ. ಕಂಪ್ರೆಸರಿನ ಮೂರು ತುದಿಗಳ ನಡುವೆ ಮಲ್ಟಿಮೀಟರ್ ಹಿಡಿದು ನಿಮ್ಮ ಎದುರಿಗೇ ತೋರಿಸಲಿ. ಇನ್ವರ್ಟರ್ ಆದರೆ ಮೂರೂ ಅಳತೆ ಹೆಚ್ಚುಕಡಿಮೆ ಒಂದೇ ಇರಬೇಕು. ಎರಡು ನಿಮಿಷದ ಕೆಲಸ ಅದು.

ಉಪ್ಪು: ನಾಲ್ಕು ದಾರಿ, ಎರಡಕ್ಕೆ ಮಾತ್ರ ಅರ್ಥವಿದೆ

ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಾಗಿದೆ. ‘ಎರಡು ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು’ ಎಂಬುದು ನಮ್ಮಲ್ಲಿ ಎಷ್ಟು ಮನೆಮಾತಾಗಿದೆ ಎಂದರೆ, ಅಕ್ಕ ಅದನ್ನು ನಂಬಿ ಮೂರು ಸಲ ಒಟ್ಟು ಎಂಟೂವರೆ ಸಾವಿರ ಕೊಟ್ಟಳು. ಸುರಿದದ್ದೆಲ್ಲ ಹೊಸಬೆಟ್ಟಿನ ಗಾಳಿಗೆ ಹೋಯಿತು.

ತೂತಾಗುವುದು ಹೀಗೆ. ಔಟ್‌ಡೋರಿನಲ್ಲಿ ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ರೆಕ್ಕೆಗಳನ್ನು ಪೋಣಿಸಿರುತ್ತಾರೆ. ಎರಡು ಲೋಹಗಳು ಮುಟ್ಟುವಲ್ಲಿ ಉಪ್ಪಿನ ತೇವ ಕುಳಿತರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಹುಟ್ಟಿ, ಅಲ್ಯೂಮಿನಿಯಂ ಸವೆಯತೊಡಗುತ್ತದೆ. ನಾಲ್ಕೈದು ವರ್ಷಕ್ಕೆ ರೆಕ್ಕೆಗಳು ಹಪ್ಪಳದ ಹಾಗೆ ಬೆರಳಿಗೆ ಪುಡಿಯಾಗುತ್ತವೆ. ರೆಕ್ಕೆ ಹೋದ ಮೇಲೆ ಶಾಖ ಹೊರಹೋಗುವುದಿಲ್ಲ, ಕಂಪ್ರೆಸರ್ ಏದುಸಿರು ಬಿಡುತ್ತದೆ, ಬಿಲ್ಲು ಏರುತ್ತದೆ. ತಾಮ್ರದಲ್ಲೂ ಕಣ್ಣಿಗೆ ಕಾಣದ ಸೂಜಿತೂತುಗಳು ಬೀಳುತ್ತವೆ. ಮಲ್ಪೆ, ಕಾಪು, ಪಣಂಬೂರು, ಉಳ್ಳಾಲ, ಸೋಮೇಶ್ವರ, ಕಡಲಿನ ತೆರೆ ಕಾಣುವ ಕಡೆಯಲ್ಲೆಲ್ಲ ಇದೇ ಕಥೆ. ಮಣಿಪಾಲದ ಎತ್ತರದಲ್ಲೋ ಕಾರ್ಕಳದಲ್ಲೋ ಇರುವವರು ಈ ಭಾಗವನ್ನು ನಿಧಾನವಾಗಿ ಓದಿದರೂ ನಡೆದೀತು.

ಮೆಕ್ಯಾನಿಕ್ ಬಂದಾಗ ಮೊದಲು ಔಟ್‌ಡೋರಿನ ಬದಿಯ ಚೀಟಿ ನೋಡಿ. ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಈಗಿನವು ಹೆಚ್ಚಾಗಿ ಆರ್-32, ಸ್ವಲ್ಪ ಹಳೆಯವು ಆರ್-410ಎ, ತೀರಾ ಹಳೆಯವು ಆರ್-22. ಆರ್-410ಎ ಎರಡು ಗ್ಯಾಸುಗಳ ಮಿಶ್ರಣವಾದ್ದರಿಂದ ಉಳಿದದ್ದನ್ನು ತೆಗೆದು ತೂಕಕ್ಕೆ ಸರಿಯಾಗಿ ಪೂರ್ತಿ ತುಂಬುವುದೇ ಕ್ರಮ. ಆರ್-22 ಮಾಂಟ್ರಿಯಲ್ ಒಪ್ಪಂದದಂತೆ 2030ರ ಹೊತ್ತಿಗೆ ಬಹುತೇಕ ನಿಲ್ಲಬೇಕಾದ ಗ್ಯಾಸ್. ಅದು ಬೇಕಾದ ಯಂತ್ರಕ್ಕೆ ದೊಡ್ಡ ಖರ್ಚು ಮಾಡಬೇಡಿ. ಆರ್-32ಕ್ಕೆ ಸ್ವಲ್ಪ ಹತ್ತಿಕೊಳ್ಳುವ ಗುಣವಿದೆ. ಗ್ಯಾಸ್ ಇರುವಾಗಲೇ ಬೆಂಕಿ ಹಿಡಿದು ವೆಲ್ಡ್ ಮಾಡಲು ಹೊರಟವರನ್ನು ಅಲ್ಲಿಯೇ ತಡೆಯಿರಿ.

ಸರಿಯಾದ ಕೆಲಸದಲ್ಲಿ ನಾಲ್ಕು ಸಂಗತಿಗಳು ಕಾಣಬೇಕು: ನೈಟ್ರೋಜನ್ ಒತ್ತಡ ಕೊಟ್ಟು ಸೋಪು ನೀರಿನಿಂದ ತೂತು ಹುಡುಕುವುದು, ಅದನ್ನು ಮುಚ್ಚುವುದು, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ ಎಳೆಯುವುದು, ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು ತೂಗಿ ತುಂಬುವುದು. ನಮ್ಮ ತೇವದ ಗಾಳಿ ಕೊಳವೆಯೊಳಗೆ ಉಳಿದರೆ ಕಂಪ್ರೆಸರಿಗೆ ಅದೇ ವಿಷ. ಪಂಪೂ ತಕ್ಕಡಿಯೂ ಇಲ್ಲದೆ ಬರಿಯ ಸಿಲಿಂಡರ್ ಹೆಗಲಿಗೇರಿಸಿ ಬಂದವರಿಗೆ ಮಜ್ಜಿಗೆ ಕೊಟ್ಟು ಕಳುಹಿಸಿ.

ಈಗ ದಾರಿಗಳು. ಬರಿಯ ಗ್ಯಾಸ್ ತುಂಬಿಸಿದರೆ 2,500ರಿಂದ 3,500. ತೂತು ಹಾಗೆಯೇ ಇರುವುದರಿಂದ ಒಂದು ಬೇಸಿಗೆ ದಾಟಿದರೆ ಪುಣ್ಯ. ಬಾಡಿಗೆ ಮನೆ, ಮೇ ತಿಂಗಳ ಕೊನೆಗೆ ಖಾಲಿ ಮಾಡುತ್ತೀರಿ ಎಂದಾದರೆ ಮಾತ್ರ ಇದಕ್ಕೆ ಅರ್ಥವಿದೆ. ಎರಡನೆಯದು ತೂತು ಮುಚ್ಚಿ ಗ್ಯಾಸ್ ತುಂಬುವುದು, 3,000ದಿಂದ 5,000. ಸೋರಿಕೆ ಪೈಪು ಸೇರುವ ನಟ್ಟಿನಲ್ಲಿ ಇದ್ದರೆ ಇದು ಅಪ್ಪಟ ಲಾಭ. ಕೊಳವೆಯ ತುದಿಯನ್ನು ಹೊಸದಾಗಿ ಅರಳಿಸಿ ಬಿಗಿದರೆ ವರ್ಷಗಟ್ಟಲೆ ನಿಲ್ಲುತ್ತದೆ. ಕಾಯಿಲಿನ ಅಂಚಿನ ತಿರುವಿನಲ್ಲಿ ಇದ್ದರೂ ಪರವಾಗಿಲ್ಲ. ರೆಕ್ಕೆಗಳ ನಡುವೆ, ಕಾಯಿಲಿನ ಹೊಟ್ಟೆಯಲ್ಲಿ ತೂತಿದ್ದರೆ ಒಮ್ಮೆ ಮಾಡಿಸಬಹುದು, ಎರಡನೆಯ ಸಲ ಬೇಡ, ಏಕೆಂದರೆ ಅಲ್ಲಿ ಒಂದು ತೂತು ಬಿದ್ದಿದೆ ಎಂದರೆ ಇನ್ನು ಹತ್ತು ಸರದಿಯಲ್ಲಿ ನಿಂತಿವೆ. ಪೂರ್ತಿ ಅಲ್ಯೂಮಿನಿಯಂ ಕಾಯಿಲ್ ಆದರೆ ವೆಲ್ಡಿಂಗ್ ನಿಲ್ಲುವುದೇ ಅಪರೂಪ. ಮೂರನೆಯದು ಹೊಸ ಕಾಯಿಲ್: ಗ್ಯಾಸ್ ಸೇರಿ 9,000ದಿಂದ 15,000. ಗುಡ್ಡದ ಮೇಲಿನ ಮನೆಯಲ್ಲಿ ನಾಲ್ಕು ವರ್ಷದ ಎಸಿಗೆ ಇದನ್ನು ಒಪ್ಪಬಹುದು. ಕಡಲ ಪಕ್ಕದಲ್ಲಿ ಒಪ್ಪುವುದು ಕಷ್ಟ. ಔಟ್‌ಡೋರಿನ ಕಾಯಿಲ್ ಬದಲಿಸಿದ ವರ್ಷವೇ ತಳದ ತಗಡು ಉದುರುತ್ತದೆ, ಫ್ಯಾನಿನ ಮೋಟರ್ ಹಿಡಿಯುತ್ತದೆ. ನಾಲ್ಕನೆಯ ದಾರಿ ಹೊಸ ಎಸಿ.

ಹತ್ತು ವರ್ಷದ ಕಂಪ್ರೆಸರ್ ವಾರಂಟಿ ಇದೆಯಲ್ಲ ಎನ್ನುವಿರಿ. ಇದೆ. ಆ ಕಾರ್ಡು ಓದಿ. ಭಾಗ ಉಚಿತ, ಆದರೆ ಗ್ಯಾಸ್, ಕೂಲಿ, ಸಾಗಣೆ ನಿಮ್ಮ ತಲೆಗೆ. ನಾಲ್ಕೈದು ಸಾವಿರ ಎದ್ದೇ ಏಳುತ್ತದೆ. ಕೆಲವು ಕಾರ್ಡುಗಳಲ್ಲಿ ತುಕ್ಕಿನಿಂದಾದ ಹಾನಿಗೆ ಹೊಣೆಯಿಲ್ಲ ಎಂಬ ಸಾಲು ಅಡಿಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಕಾಯಿಲ್ ಪುಡಿಯಾಗುತ್ತಿರುವ ಯಂತ್ರಕ್ಕೆ ಉಚಿತ ಕಂಪ್ರೆಸರ್ ಹಾಕಿಸುವುದು ಗೆದ್ದಲು ಹಿಡಿದ ಬಾಗಿಲಿಗೆ ಹೊಸ ಬೀಗ ಹಾಕಿದಂತೆ.

ಉಪ್ಪನ್ನು ತಡೆಯಲಾಗದು, ತಡಮಾಡಬಹುದು. ಅಕ್ಕ ಈಗ ಹೊಸ ಎಸಿಯ ಔಟ್‌ಡೋರನ್ನು ಪಡುವಣ ಗೋಡೆಯಿಂದ ಮೂಡಣ ಗೋಡೆಗೆ ಹಾಕಿಸಿದ್ದಾಳೆ. ಹದಿನೈದು ದಿನಕ್ಕೊಮ್ಮೆ ಎಂಸಿಬಿ ಇಳಿಸಿ, ಗಿಡಕ್ಕೆ ನೀರು ಹಾಕುವ ಪೈಪಿನಿಂದ ಕಾಯಿಲಿಗೆ ಮೆಲ್ಲಗೆ ಸಿಹಿನೀರು ಬಿಡುತ್ತಾಳೆ. ಸಿಹಿನೀರು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: ಕಡಲ ಬದಿಯ ಕೆಲವು ಬಾವಿ, ಬೋರ್‌ವೆಲ್‌ಗಳ ನೀರು ಏಪ್ರಿಲ್ ಹೊತ್ತಿಗೆ ಉಪ್ಪಾಗುತ್ತದೆ. ಆ ನೀರಿನಿಂದ ತೊಳೆದರೆ ಗಾಳಿ ಮಾಡದ ಕೆಲಸವನ್ನು ನಾವೇ ಮಾಡಿದಂತೆ. ಕಾಯಿಲಿನ ಮೇಲೆ ಬರುವ ನೀಲಿ, ಚಿನ್ನದ ಬಣ್ಣದ ಲೇಪನ ಒಂದೆರಡು ವರ್ಷ ಹೆಚ್ಚು ಕೊಟ್ಟೀತು, ಅಷ್ಟೇ. ಸ್ಟ್ಯಾಂಡಿನ ಬೋಲ್ಟುಗಳನ್ನು ಮಾತ್ರ ವರ್ಷಕ್ಕೊಮ್ಮೆ ನೋಡಿಸಿ. ಐದನೆಯ ಮಹಡಿಯಿಂದ ಔಟ್‌ಡೋರ್ ಕಳಚಿ ಬಿದ್ದರೆ ಲೆಕ್ಕ ರಿಪೇರಿಯದ್ದಾಗಿ ಉಳಿಯುವುದಿಲ್ಲ.

ಯಾರನ್ನು ಕರೆಯುವುದು

ವಾರಂಟಿ ಇರುವಷ್ಟು ದಿನ ಕಂಪನಿ, ಮುಗಿದ ಮೇಲೆ ಪರಿಚಯದ ಮೆಕ್ಯಾನಿಕ್, ಇದು ನನ್ನ ಪದ್ಧತಿ. ಕಂಪನಿಯವರ ಭೇಟಿ ಶುಲ್ಕ 400ರಿಂದ 700, ಅದರ ಮೇಲೆ ಶೇ. 18 ಜಿಎಸ್‌ಟಿ, ಬಿಲ್ಲು ಸಿಗುತ್ತದೆ, ಅಸಲಿ ಭಾಗ ಸಿಗುತ್ತದೆ, ಆದರೆ ಅವರು ಬಿಡಿಭಾಗ ಬದಲಿಸುತ್ತಾರೆಯೇ ಹೊರತು ರಿಪೇರಿ ಮಾಡುವುದು ಕಡಿಮೆ. ಏಪ್ರಿಲಿನಲ್ಲಿ ಒಂದು ವಾರ ಕಾಯಿಸುವುದೂ ಉಂಟು. ಊರಿನ ಮೆಕ್ಯಾನಿಕ್ 200–400ಕ್ಕೆ ಬರುತ್ತಾರೆ, ವೆಲ್ಡಿಂಗ್, ಬೋರ್ಡು ರಿಪೇರಿ ಎಲ್ಲಕ್ಕೂ ಸಿದ್ಧ. ಬಿಲ್ಲು ಕೇಳಿ ಪಡೆಯಬೇಕು, ಬದಲಿಸಿದ ಹಳೆಯ ಭಾಗವನ್ನೂ ಕೇಳಿ ಪಡೆಯಬೇಕು. ಮೊಬೈಲ್ ಆಪ್‌ನಲ್ಲಿ ಸರ್ವಿಸ್ ಅಗ್ಗ, ದರ ಮೊದಲೇ ಕಾಣುತ್ತದೆ. ಬಂದವರು ಇನ್ನೊಂದು ರಿಪೇರಿ ಹೇಳಿದರೆ ಅಲ್ಲಿಗೇ ನಿಲ್ಲಿಸಿ ಎರಡನೆಯವರಿಗೆ ತೋರಿಸಿ.

ಕಂಪನಿಯ ಸಹಾಯವಾಣಿಯ ನಂಬರನ್ನು ಮೊಬೈಲಿನಲ್ಲಿ ಹುಡುಕಿ ಮೊದಲು ಕಂಡದ್ದಕ್ಕೆ ಕರೆ ಮಾಡಬೇಡಿ, ನಕಲಿಗಳು ಹೇರಳ. ವಾರಂಟಿ ಕಾರ್ಡಿನಲ್ಲೋ ಯಂತ್ರದ ಮೇಲೋ ಇರುವ ನಂಬರ್ ಬಳಸಿ.

ವಾರ್ಷಿಕ ಒಪ್ಪಂದ, ಅಂದರೆ ಎಎಂಸಿ, ಎರಡು ಬಗೆ. ಬರಿಯ ಸರ್ವಿಸಿನದು 1,500–2,500. ವರ್ಷಕ್ಕೆ ಮೂರು ಸಲ ತೊಳೆಸುವ ಕಡಲ ಬದಿಯವರಿಗೆ ಬಿಡಿಬಿಡಿಯಾಗಿ ಕೊಡುವಷ್ಟೇ ಆಗುತ್ತದೆ, ಕರೆ ಮಾಡುವ ತಾಪತ್ರಯ ತಪ್ಪುತ್ತದೆ. ಭಾಗಗಳೂ ಗ್ಯಾಸೂ ಸೇರಿದ್ದು 4,000–6,000. ಕಾಯಿಲಿನ ತುಕ್ಕು ಇದರಲ್ಲಿ ಸೇರಿದೆಯೇ ಎಂಬ ಒಂದೇ ಪ್ರಶ್ನೆ ಕೇಳಿ. ಸೇರಿದ್ದರೆ ಹೊಸಬೆಟ್ಟಿನಂಥ ಕಡೆ ಕಣ್ಣುಮುಚ್ಚಿ ಮಾಡಿಸಿ. ಇಲ್ಲವಾದರೆ ಆ ಹಣವನ್ನು ಹೊಸ ಎಸಿಗೆ ಕೂಡಿಡಿ.

ಮಾಡದ ಕೆಲಸಕ್ಕೆ ಹಣ ಕಿತ್ತರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ಕೈಯಲ್ಲಿ ಬಿಲ್ಲು ಇರಬೇಕು, ಅಷ್ಟೇ.

ಹೊಸದಕ್ಕೆ ಹೋಗುವುದಾದರೆ

ರಿಪೇರಿ ಹೊಸ ಬೆಲೆಯ ಅರ್ಧ ದಾಟಿದರೆ ಬಿಡು ಎಂಬುದು ಎಲ್ಲ ಕಡೆಯ ಲೆಕ್ಕ. ಕಡಲ ಬದಿಯಲ್ಲಿ, ಐದು ವರ್ಷ ದಾಟಿದ ಎಸಿಗೆ, ಮೂರರಲ್ಲಿ ಒಂದು ಪಾಲಿಗೇ ನಿಲ್ಲಿಸುವುದು ಲೇಸು. ಸುಮಾರು ಹನ್ನೆರಡು ಸಾವಿರ. 2025ರ ಸೆಪ್ಟೆಂಬರ್ 22ರಿಂದ ಎಸಿಯ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿರುವುದರಿಂದ ತೂಕ ಹೊಸದರ ಕಡೆಗೆ ಇನ್ನಷ್ಟು ವಾಲಿದೆ.

ಸ್ಟಾರ್ ಲೆಕ್ಕ ಮಾತ್ರ ನಾವೇ ಹಾಕಿಕೊಳ್ಳಬೇಕು. ಲೇಬಲ್ಲಿನ ಮೇಲಿನ ವಾರ್ಷಿಕ ಯುನಿಟ್ಟು ವರ್ಷಕ್ಕೆ 1,600 ಗಂಟೆ ಓಡಿಸುವವರದು. ಅಕ್ಕ ಫೆಬ್ರವರಿ ಕೊನೆಯಿಂದ ಮಳೆ ಹಿಡಿಯುವವರೆಗೆ ರಾತ್ರಿ ಮಾತ್ರ ಹಾಕುತ್ತಾಳೆ, ಹೆಚ್ಚೆಂದರೆ ಸಾವಿರ ಗಂಟೆ. ಮೂರು ಸ್ಟಾರಿಗೂ ಐದು ಸ್ಟಾರಿಗೂ ಲೇಬಲ್ಲಿನಲ್ಲಿ 200 ಯುನಿಟ್ ವ್ಯತ್ಯಾಸ ಇದೆ ಎಂದಿಟ್ಟುಕೊಳ್ಳೋಣ. ಅವಳಿಗೆ ಉಳಿಯುವುದು 125 ಯುನಿಟ್. ಯುನಿಟ್ಟಿಗೆ 7 ರೂಪಾಯಿ ಹಿಡಿದರೆ ವರ್ಷಕ್ಕೆ 875 ರೂಪಾಯಿ. ಐದು ಸ್ಟಾರಿಗೆ ಎಂಟು ಸಾವಿರ ಹೆಚ್ಚು ಕೊಟ್ಟರೆ ಅದು ಮರಳಲು ಒಂಬತ್ತು ವರ್ಷ ಬೇಕು. ಹೊಸಬೆಟ್ಟಿನಲ್ಲಿ ಎಸಿ ಬದುಕುವುದು ಆರು ವರ್ಷ. ಅಲ್ಲಿ ತಾಮ್ರದ ಕಾಯಿಲಿನ ಮೂರು ಸ್ಟಾರ್ ಸಾಕು. ಹೆಚ್ಚುವರಿ ಎಂಟು ಸಾವಿರ ಉಪ್ಪಿನ ಪಾಲು. ಮನೆಯಿಂದಲೇ ಕೆಲಸ ಮಾಡುತ್ತ ಹಗಲೂ ಎಸಿ ಹಾಕುವ ಮಣಿಪಾಲದವರಿಗೆ ಐದು ಸ್ಟಾರೇ ಸರಿ. ಗೃಹಜ್ಯೋತಿಯವರಿಗೆ ಇನ್ನೊಂದು ಲೆಕ್ಕವಿದೆ: ತಿಂಗಳಿಗೆ 200 ಯುನಿಟ್ ದಾಟಿದರೆ ಮೆಸ್ಕಾಂ ಪೂರ್ತಿ ಬಿಲ್ಲು ಕಳುಹಿಸುತ್ತದೆ, ದಾಟಿದ್ದಕ್ಕೆ ಮಾತ್ರ ಅಲ್ಲ. ಆ ಗಡಿಯ ಹತ್ತಿರ ಇರುವ ಮನೆಗೆ ಮೂವತ್ತು ಯುನಿಟ್ಟಿನ ಉಳಿತಾಯವೂ ಸಾವಿರಕ್ಕೆ ಮಿಕ್ಕಿದ್ದು.

ಹಳೆಯದನ್ನು ಕೊಡುವ ಮೊದಲು ವಿನಿಮಯದ ದರವನ್ನೂ ಗುಜರಿಯ ದರವನ್ನೂ ಎರಡು ಕಡೆ ಕೇಳಿ. ತಾಮ್ರದ ಕಾಯಿಲಿನ ಎಸಿಗೆ ಗುಜರಿಯವರು ತೂಕ ನೋಡಿ ಕೊಡುತ್ತಾರೆ, ಅಂಗಡಿಯ ವಿನಿಮಯಕ್ಕಿಂತ ಹೆಚ್ಚೇ ಸಿಗಬಹುದು. ಅಲ್ಯೂಮಿನಿಯಂ ಆದರೆ ಅಂಗಡಿಗೇ ಕೊಡಿ. ಅಕ್ಕನದು ತಾಮ್ರ. ಹೊತ್ತೊಯ್ಯಲು ಬಂದವರು ತಳ ಹಿಡಿದು ಎತ್ತಿದರು, ತಳದ ತಗಡು ಕೈಯಲ್ಲೇ ಉಳಿಯಿತು. ತುಕ್ಕಿನ ಹೆಸರು ಹೇಳಿ ಅದಕ್ಕೂ ಮುನ್ನೂರು ರೂಪಾಯಿ ಕಡಿದರು.